ಬಂದು ಹೋಗುವ ದೋಷ: ಹಳೆಯ ಬೈಕಿನ ವಿದ್ಯುತ್ ತೊಂದರೆಗಳನ್ನು ಪತ್ತೆಹಚ್ಚುವ ಬಗೆ

ಬೈಕಿನ ವಿದ್ಯುತ್ ದೋಷಗಳಲ್ಲಿ ಎರಡು ಬಗೆ. ಸದಾ ಇರುವ ದೋಷ ಒಂದು. ಅದನ್ನು ಹುಡುಕುವುದು ಕಷ್ಟವಲ್ಲ. ಇನ್ನೊಂದು ಬಂದು ಹೋಗುವ ದೋಷ. ದಾರಿಯಲ್ಲಿ ಕೈಕೊಟ್ಟ ಬೈಕು ಮೆಕ್ಯಾನಿಕ್ಕಿನ ಮುಂದೆ ನಿಂತಾಗ ಪೂರ್ಣ ಆರೋಗ್ಯದಿಂದಿರುತ್ತದೆ. ವೈದ್ಯರಿಗೆ ಇದು ಪರಿಚಿತ ಸಂಗತಿ. ಎದೆ ಆಗಾಗ ಡವಗುಟ್ಟುತ್ತದೆ ಎಂದು ಬಂದವರ ನಾಡಿ ನಾವು ಹಿಡಿದ ಹೊತ್ತಿಗೆ ಸಹಜವಾಗಿರುತ್ತದೆ. ಆಗ ಹೋಲ್ಟರ್ ಯಂತ್ರವನ್ನು ಇಪ್ಪತ್ತನಾಲ್ಕು ಗಂಟೆ ಕಟ್ಟಿ ಕಳುಹಿಸುತ್ತೇವೆ. ದೋಷವು ನಮ್ಮ ಬಳಿಗೆ ಬರದಿದ್ದರೆ ಅದು ಇರುವಲ್ಲಿಗೆ ನಾವೇ ಹೋಗಬೇಕು ಎಂಬುದು ಇದರ ತತ್ತ್ವ.

ನನ್ನ ತಂದೆಯವರ 250 ಸಿಸಿ ಜಾವಾ ಬೈಕು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯದು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ತಾಂತ್ರಿಕ ಸಹಯೋಗದಿಂದ 1961ರಲ್ಲಿ ತಯಾರಿಕೆ ಆರಂಭಿಸಿದ ಆ ಕಾರ್ಖಾನೆ ಮುಂದೆ ಯೆಜ್ದಿ ಎಂಬ ಹೆಸರಿನಲ್ಲಿ ಬೈಕುಗಳನ್ನು ಮಾಡಿ, 1996ರಲ್ಲಿ ಮುಚ್ಚಿತು. ತಂದೆಯವರು ತೀರಿಕೊಂಡ ಬಳಿಕ ಬೈಕನ್ನು ಹಡಗಿನಲ್ಲಿ ಹ್ಯಾರೋದ ಮನೆಗೆ ತರಿಸಿಕೊಂಡೆ. ಎಲ್ಲ ಭಾಗಗಳನ್ನೂ ಬಿಚ್ಚಿಸಿ ಹೊಸ ಬಣ್ಣ ಹಾಕಿಸಿದೆ. ಒಂದು ನವೆಂಬರ್ ಸಂಜೆ ಎಡಕ್ಕೆ ತಿರುಗುತ್ತಿದ್ದಾಗ ಹೆಡ್‌ಲೈಟ್ ಇದ್ದಕ್ಕಿದ್ದಂತೆ ಆರಿತು. ಕಪ್ಪು ಕೋಟು ತೊಟ್ಟ ವೃದ್ಧರೊಬ್ಬರು ರಸ್ತೆ ದಾಟುತ್ತಿದ್ದರು. ಅವರಿಂದ ಎರಡು ಹೆಜ್ಜೆ ದೂರದಲ್ಲಿ ಬೈಕು ನಿಂತಿತು. ಹ್ಯಾಂಡಲ್ ನೇರ ಮಾಡಿದೊಡನೆ ದೀಪ ಮತ್ತೆ ಹೊತ್ತಿತು.

ಹಳೆಯ ಬೈಕುಗಳಲ್ಲಿ ಇಂಥ ದೋಷ ಹೆಚ್ಚಾಗಿ ಕಾಣಿಸಿಕೊಳ್ಳಲು ಒಂದು ಕಾರಣ ಅವುಗಳ 6 ವೋಲ್ಟ್ ವ್ಯವಸ್ಥೆ. 35 ವಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಕೇವಲ 0.2 ಓಮ್ ರೋಧವಿದೆ ಎನ್ನೋಣ. 12 ವೋಲ್ಟಿನ ಬೈಕಿನಲ್ಲಿ ಅಲ್ಲಿ ನಷ್ಟವಾಗುವುದು ಸುಮಾರು ಅರ್ಧ ವೋಲ್ಟ್. 6 ವೋಲ್ಟಿನ ಬೈಕಿನಲ್ಲಿ ಸುಮಾರು ಒಂದು ವೋಲ್ಟ್, ಅಂದರೆ ಒಟ್ಟು ವೋಲ್ಟೇಜಿನ ಆರನೆಯ ಒಂದು ಪಾಲು. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುವುದರಿಂದ ಅಷ್ಟಕ್ಕೇ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲಂಡನ್ನಿನ ತೇವ ಹಾಗೂ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿಸಿ ಈ ರೋಧವನ್ನು ಹೆಚ್ಚಿಸುತ್ತವೆ.

ಪತ್ತೆಯ ಮೊದಲ ಹೆಜ್ಜೆ ರೋಗಚರಿತ್ರೆ. ದೋಷ ಯಾವಾಗ ಬರುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎಂಜಿನ್ ಕಾದ ಮೇಲೆ ನಿಂತು, ತಣಿದ ಮೇಲೆ ಮತ್ತೆ ಹೊರಟರೆ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರನ್ನು ಶಂಕಿಸಬೇಕು. ಮಳೆಯಲ್ಲಿ ಮಾತ್ರ ತೊಂದರೆಯಾದರೆ ಸ್ಪಾರ್ಕ್ ಪ್ಲಗ್ಗಿನ ಟೋಪಿ ಮತ್ತು ಅದಕ್ಕೆ ಹೋಗುವ ದಪ್ಪ ವೈರನ್ನು ನೋಡಬೇಕು. ಗುಂಡಿಗಳಲ್ಲಿ ಕುಲುಕಿದಾಗ ಬಂದರೆ ಬ್ಯಾಟರಿಯ ತುದಿಗಳು, ಫ್ಯೂಸಿನ ಹಿಡಿಕೆ, ಕೀಲಿಯ ಸ್ವಿಚ್ಚು ಇವುಗಳನ್ನು ಪರೀಕ್ಷಿಸಬೇಕು. ಹ್ಯಾಂಡಲ್ ತಿರುಗಿಸಿದಾಗ ಬಂದರೆ, ಅಲ್ಲಿ ಸದಾ ಬಾಗಿ ಬಾಗಿ ಒಳಗೇ ತುಂಡಾಗಿರಬಹುದಾದ ವೈರುಗಳು ಮತ್ತು ಮುಂಭಾಗದ ಅರ್ತಿಂಗ್ ಮುಖ್ಯ.

ಎರಡನೆಯದು ತಾಣನಿರ್ಣಯ. ಏನು ಕೆಟ್ಟಿದೆ ಎಂಬುದರಷ್ಟೇ ಏನು ಕೆಟ್ಟಿಲ್ಲ ಎಂಬುದೂ ಇಲ್ಲಿ ಸಾಕ್ಷ್ಯ. ನಾನು ಎಡವಿದ್ದು ಇಲ್ಲಿಯೇ. ಗಾಬರಿಯಲ್ಲಿ ಮೊದಲು ಬಲ್ಬು, ಆಮೇಲೆ ಬ್ಯಾಟರಿ, ಕೊನೆಗೆ ಸ್ವಿಚ್ಚು ಬದಲಿಸಿದೆ. ರೋಗನಿರ್ಣಯವಿಲ್ಲದೆ ಔಷಧಿ ಬರೆಯಬಾರದೆಂದು ಕಿರಿಯರಿಗೆ ಹೇಳುವ ನಾನೇ ಅದನ್ನು ಮಾಡಿದೆ. ದೋಷ ಮರುಕಳಿಸಿದಾಗ ಕುಳಿತು ಯೋಚಿಸಿದೆ. ತಿರುವಿನಲ್ಲಿ ಹೆಡ್‌ಲೈಟ್ ಆರುತ್ತಿತ್ತು, ಹಾರನ್ನಿನ ಸದ್ದೂ ಕುಗ್ಗುತ್ತಿತ್ತು. ಆದರೆ ಹಿಂದಿನ ದೀಪ ಉರಿಯುತ್ತಲೇ ಇತ್ತು, ಎಂಜಿನ್ ಒಮ್ಮೆಯೂ ತಪ್ಪಿರಲಿಲ್ಲ. ಅಂದಮೇಲೆ ಬ್ಯಾಟರಿ ನಿರಪರಾಧಿ. ನನ್ನ ಬೈಕಿನಲ್ಲಿ ಹೆಡ್‌ಲೈಟಿಗೂ ಹಾರನ್ ಗುಂಡಿಗೂ ಸಮಾನವಾದುದು ವಿದ್ಯುತ್ತು ಹಿಂದಿರುಗುವ ದಾರಿ. ಎರಡೂ ಮುಂದಿನ ಫೋರ್ಕಿನ ಲೋಹದ ಮೂಲಕವೇ ಚೌಕಟ್ಟಿಗೆ ಮರಳುತ್ತವೆ.

ಮೂರನೆಯದು ಅಳತೆ. ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಸಾಲದು. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿರುವ ವೈರೂ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, ಏಕೆಂದರೆ ಮೀಟರು ಹರಿಸುವ ವಿದ್ಯುತ್ತು ಅತ್ಯಲ್ಪ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸಹಜವಾಗಿದ್ದರೂ ಮೆಟ್ಟಿಲು ಹತ್ತುವಾಗ ಎದೆನೋವು ಬರಬಹುದಲ್ಲವೆ? ಆದ್ದರಿಂದ ದೀಪ ಹಾಕಿ, ವಿದ್ಯುತ್ತು ಹರಿಯುತ್ತಿರುವಾಗಲೇ, ಶಂಕಿತ ಜೋಡಣೆಯ ಎರಡು ಬದಿಗೆ ಮೀಟರಿನ ಮೊನೆಗಳನ್ನಿಟ್ಟು ವೋಲ್ಟೇಜು ಅಳೆಯಬೇಕು. ಒಳ್ಳೆಯ ಜೋಡಣೆಯಲ್ಲಿ ಅದು 0.1 ವೋಲ್ಟಿಗಿಂತ ಕಡಿಮೆ. ಹಾಗೆ ಅಳೆಯುತ್ತಲೇ ಒಂದೊಂದಾಗಿ ವೈರುಗಳನ್ನು ಅಲುಗಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ. ಇಲ್ಲದಿದ್ದರೆ ಗುಣವಾದರೂ ಕಾರಣ ತಿಳಿಯದು.

ನಾನು ಒಂದು ಮೊನೆಯನ್ನು ಹೆಡ್‌ಲೈಟಿನ ಲೋಹದ ಬುರುಡೆಗೂ ಇನ್ನೊಂದನ್ನು ಬ್ಯಾಟರಿಯ ಅರ್ತಿಂಗ್ ತುದಿಗೂ ಇಟ್ಟೆ. ಹ್ಯಾಂಡಲ್ ನೇರವಿದ್ದಾಗ 0.3 ವೋಲ್ಟ್. ಎಡಕ್ಕೆ ತಿರುಗಿಸಿದಾಗ 2 ವೋಲ್ಟ್ ದಾಟಿತು. ಕಾರಣ ನನ್ನ ಪ್ರೀತಿಯ ಹೊಸ ಬಣ್ಣ! ಅರ್ತಿಂಗ್ ವೈರಿನ ಬೋಲ್ಟು ಕೂರುವ ಜಾಗಕ್ಕೂ ದಪ್ಪನಾಗಿ ಬಣ್ಣ ಬಳಿದಿದ್ದರಿಂದ ಲೋಹಕ್ಕೆ ಲೋಹ ತಾಗುತ್ತಿರಲಿಲ್ಲ. ವಿದ್ಯುತ್ತು ಹ್ಯಾಂಡಲ್ ಬೇರಿಂಗಿನ ಗುಂಡುಗಳ ಮೂಲಕ, ಕ್ಲಚ್ ಕೇಬಲ್ಲಿನ ಮೂಲಕ ಹೇಗೋ ದಾರಿ ಹುಡುಕಿಕೊಳ್ಳುತ್ತಿತ್ತು. ಚಿಕಿತ್ಸೆಯಿಂದಲೇ ಹುಟ್ಟಿದ ರೋಗವಿದು. ಬ್ಯಾಟರಿಯನ್ನು ಕಳಚಿ, ಆ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಜೊತೆಗೆ ಹೆಡ್‌ಲೈಟಿನಿಂದ ಬ್ಯಾಟರಿಗೆ ನೇರವಾಗಿ ಒಂದು ಪ್ರತ್ಯೇಕ ವೈರು ಎಳೆದೆ. ಮತ್ತೆ ಅಳೆದಾಗ ಯಾವ ಕಡೆಗೆ ತಿರುಗಿಸಿದರೂ 0.1 ವೋಲ್ಟ್ ಮೀರಲಿಲ್ಲ.

ಎರಡು ಎಚ್ಚರಿಕೆಗಳು. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಬಹುಪಾಲಿಗೆ ಬ್ಯಾಟರಿಯ ಧನ ತುದಿಯೇ ಚೌಕಟ್ಟಿಗೆ ಸೇರಿರುತ್ತದೆ. ನೋಡದೆ ಬ್ಯಾಟರಿ ಜೋಡಿಸಬಾರದು. ಫ್ಯೂಸ್ ಪದೇ ಪದೇ ಹೋದರೆ ನಮ್ಮೂರಿನ ಹಳೆಯ ಅಭ್ಯಾಸದಂತೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಬಾರದು. ಆಮೇಲೆ ಕಾಯುವುದು ಪೆಟ್ರೋಲ್ ಟ್ಯಾಂಕಿನ ಕೆಳಗಿನ ವೈರು.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ವಾಹನಗಳಿಗೆ 2018ರಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಐತಿಹಾಸಿಕ ವಾಹನವೆಂದು ನೋಂದಾಯಿತವಾಗಿದ್ದರೆ, 2023ರಲ್ಲಿ ಇಡೀ ಲಂಡನ್ನಿಗೆ ವಿಸ್ತರಿಸಿದ ಯುಲೆಜ್ ಶುಲ್ಕವೂ ಇಲ್ಲ. ಆದರೆ ಸುಸ್ಥಿತಿಯಲ್ಲಿಲ್ಲದ ವಾಹನವನ್ನು ರಸ್ತೆಗಿಳಿಸುವುದು ಈಗಲೂ ಅಪರಾಧವೇ. ತಪಾಸಣೆಯ ಹೊಣೆ ಪರೀಕ್ಷಕರಿಂದ ನಮ್ಮ ಹೆಗಲಿಗೆ ದಾಟಿದೆಯಷ್ಟೆ. ನಾನು ಈಗಲೂ ಪ್ರತಿ ವರ್ಷ ಸ್ವಇಚ್ಛೆಯಿಂದ ಎಂಒಟಿ ಮಾಡಿಸುತ್ತೇನೆ. ಕತ್ತಲಾದ ಮೇಲೆ ಹೊರಡುವ ಮುನ್ನ ದೀಪ ಹಾಕಿ, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡುತ್ತೇನೆ. ಅದಕ್ಕೆ ಬೇಕಾಗುವುದು ಹತ್ತು ಸೆಕೆಂಡು.