ಯಂತ್ರಗಳ ದುಭಾಷಿ

ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ಈ ಸೀಮೆಯ ಜನರೆಲ್ಲ ಬಲ್ಲ ಸಂಗತಿ. ಇವು ವಿದ್ವಾಂಸರ ಗಮನಕ್ಕೆ ಬಂದುದು 1931ರಲ್ಲಿ. ಬಂದೊಡನೆ ಅವನ್ನು ಓದಲೂ ಆಯಿತು. ಇದು ಸಣ್ಣ ಮಾತಲ್ಲ. ನಮ್ಮ ಕನ್ನಡ ಲಿಪಿಗೆ ಮೂಲವಾದ ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆ ನೂರಾರು ವರ್ಷಗಳ ಹಿಂದೆಯೇ ಮರೆತುಹೋಗಿತ್ತು. ಕಲ್ಲು ಉಳಿದಿತ್ತು, ಅಕ್ಷರ ಉಳಿದಿತ್ತು, ಅರ್ಥ ಮಾತ್ರ ಮೂಕವಾಗಿತ್ತು. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಸಾಹೇಬರು ಸಾಂಚಿಯ ಚಿಕ್ಕ ಚಿಕ್ಕ ಬರಹಗಳು ಒಂದೇ ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡು, ಆ ಮಾತು ‘ದಾನಂ’ ಎಂದಿರಬೇಕೆಂದು ಊಹಿಸಿದರು. ಆ ಒಂದು ಮಾತಿನಿಂದ ವರ್ಣಮಾಲೆಯೆಲ್ಲ ಬಿಚ್ಚಿಕೊಂಡಿತು. ಅವರು ಅದನ್ನು ತಮ್ಮ ಪೆಟ್ಟಿಗೆಯಲ್ಲಿ ಬಚ್ಚಿಡದೆ, ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರು. ಹಾಗೆ ಕೊಟ್ಟುದರಿಂದಲೇ ತೊಂಬತ್ತು ವರ್ಷಗಳಾಚೆ ಕೊಪ್ಪಳದ ಕಲ್ಲು ಮಾತಾಡಿತು.

ಕಲ್ಲಿನ ಕಥೆಯನ್ನು ಹೇಳಿದುದು ಯಂತ್ರದ ಕಥೆಗೆ ಪೀಠಿಕೆಯಾಗಿ. ಇಂದು ಮನೆಮನೆಗೂ ಬಂದಿರುವ ಗಣಕಯಂತ್ರಕ್ಕೂ ಅದಕ್ಕೆ ಜೋಡಿಸುವ ಮುದ್ರಣಯಂತ್ರ, ಕ್ಯಾಮರಾ ಮುಂತಾದ ಸಾಧನಗಳಿಗೂ ನೇರವಾಗಿ ಮಾತುಕತೆಯಿಲ್ಲ. ಗಣಕದ ಆಡಳಿತವನ್ನು ನಡೆಸುವುದು ಕಾರ್ಯಾಚರಣಾ ವ್ಯವಸ್ಥೆ. ಸಾಧನವಾದರೋ ತನ್ನದೇ ಆದ ಸಂಜ್ಞೆಗಳನ್ನು ಮಾತ್ರ ಬಲ್ಲದು. ಇವೆರಡರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ದುಭಾಷಿಯೇ ‘ಡ್ರೈವರ್’ ಎಂಬ ತಂತ್ರಾಂಶ. ದುಭಾಷಿ ಕೈಕೊಟ್ಟರೆ ಸಾಧನ ಎಷ್ಟು ಗಟ್ಟಿಮುಟ್ಟಾಗಿದ್ದರೂ ಜಡವಸ್ತು. ನಮ್ಮ ಶಾಲೆಯ ಒಂದು ಮುದ್ರಣಯಂತ್ರ ಹೀಗೆಯೇ ಮೂಲೆ ಸೇರಿತು. ಅದರ ಚಕ್ರ ಸವೆದಿರಲಿಲ್ಲ, ಮಸಿ ತೀರಿರಲಿಲ್ಲ. ಹೊಸ ಗಣಕ ಬಂದಾಗ ಅದಕ್ಕೆ ಹೊಂದುವ ಡ್ರೈವರನ್ನು ತಯಾರಕರು ಕೊಡಲಿಲ್ಲ, ಅಷ್ಟೇ.

ಈ ವಿವಾದದ ಮೂಲವೂ ಒಂದು ಮುದ್ರಣಯಂತ್ರವೇ ಎಂಬುದು ಸ್ವಾರಸ್ಯದ ಸಂಗತಿ. 1980ರ ಸುಮಾರಿಗೆ ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಯಂತ್ರವೊಂದು ಬಂದಿತು. ಕಾಗದ ಸಿಕ್ಕಿಕೊಂಡರೆ ಸುದ್ದಿ ಮುಟ್ಟಿಸುವ ಏರ್ಪಾಟನ್ನು ರಿಚರ್ಡ್ ಸ್ಟಾಲ್‌ಮನ್ನರು ಹಿಂದಿನ ಯಂತ್ರಕ್ಕೆ ಮಾಡಿದ್ದರು. ಹೊಸದಕ್ಕೂ ಮಾಡೋಣವೆಂದರೆ ಅದರ ಮೂಲಬರಹ ದೊರೆಯಲಿಲ್ಲ. ಅದನ್ನು ಬಲ್ಲ ಮತ್ತೊಂದು ವಿಶ್ವವಿದ್ಯಾಲಯದ ವಿದ್ವಾಂಸರೂ ಯಾರಿಗೂ ಕೊಡುವುದಿಲ್ಲವೆಂದು ಮಾತುಕೊಟ್ಟವರಾಗಿದ್ದರು. ಈ ನಿರಾಕರಣೆಯ ನೆನಪು ಸ್ಟಾಲ್‌ಮನ್ನರ ಮನಸ್ಸಿನಲ್ಲಿ ನಿಂತಿತು. 1983ರಲ್ಲಿ ಅವರು ‘ಗ್ನೂ’ ಯೋಜನೆಯನ್ನು ಸಾರಿದರು, 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರವನ್ನು ರಚಿಸಿದರು. ಅದರ ಧರ್ಮ ಇಷ್ಟೇ: ಈ ತಂತ್ರಾಂಶವನ್ನು ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವನು ತಿದ್ದುಪಡಿಯ ಮೂಲಬರಹವನ್ನೂ ಪಡೆದವನಿಗೆ ಕೊಡತಕ್ಕದ್ದು. ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲೈನಕ್ಸ್ ಮರುವರ್ಷ ಈ ಧರ್ಮಕ್ಕೆ ಒಳಪಟ್ಟಿತು.

ಕನ್ನಡ ನಾಡು ಈ ಇತಿಹಾಸದಲ್ಲಿ ಬರಿಯ ಪ್ರೇಕ್ಷಕನ ಸ್ಥಾನದಲ್ಲಿ ಉಳಿಯಲಿಲ್ಲ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯೊಂದರಲ್ಲಿ, ಅಕ್ಷರ ಬಾರದ ಹಳ್ಳಿಗನೂ ಬಳಸಬಲ್ಲ ಅಗ್ಗದ ಗಣಕವನ್ನು ಮಾಡಬೇಕೆಂಬ ಆಲೋಚನೆ ಮೂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ ಚಂದ್ರು, ಸ್ವಾಮಿ ಮನೋಹರ, ರಮೇಶ ಹರಿಹರನ್, ವಿ. ವಿನಯ ಇವರೂ ಎನ್ಕೋರ್ ಸಂಸ್ಥೆಯ ವಿನಯ ದೇಶಪಾಂಡೆಯವರೇ ಮೊದಲಾದವರೂ ಕೈಗೂಡಿಸಿದರು. 2001ರ ಏಪ್ರಿಲ್ 25ರಂದು ಮಾದರಿ ಹೊರಬಂದಿತು. ಅದಕ್ಕೆ ‘ಸಿಂಪ್ಯೂಟರ್’ ಎಂದು ಹೆಸರಿಟ್ಟರು. ಅಂಗೈಯಲ್ಲಿ ಹಿಡಿಯುವ ಆ ಯಂತ್ರದೊಳಗೆ ಇದ್ದುದು ಲೈನಕ್ಸ್. ಬರೆದುದನ್ನು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಓದಿ ಹೇಳುವ ಶಕ್ತಿಯನ್ನೂ ಅದಕ್ಕೆ ಕೊಡಲು ಯತ್ನಿಸಿದರು. ಒಂದು ಯಂತ್ರವನ್ನು ಊರಿನ ಹತ್ತಾರು ಜನ ತಮ್ಮ ತಮ್ಮ ಚಿಕ್ಕ ಕಾರ್ಡುಗಳನ್ನು ತೂರಿಸಿ ಬಳಸಬಹುದಾಗಿತ್ತು.

ಯಂತ್ರಕ್ಕಿಂತ ಹೆಚ್ಚು ಗಮನಾರ್ಹವಾದುದು ಅವರು ಮಾಡಿದ ಕರಾರು. ತಂತ್ರಾಂಶಕ್ಕೆ ಮಾತ್ರ ಅನ್ವಯಿಸುತ್ತಿದ್ದ ಜಿ.ಪಿ.ಎಲ್. ಧರ್ಮವನ್ನು ಅವರು ಯಂತ್ರದ ನಕ್ಷೆಗೂ ವಿಸ್ತರಿಸಿದರು. ಸಿಂಪ್ಯೂಟರ್ ಟ್ರಸ್ಟಿನ ಬಳಿ ಒಮ್ಮೆ ಶುಲ್ಕ ಕಟ್ಟಿ ಯಾರೂ ಯಂತ್ರವನ್ನು ತಯಾರಿಸಿ ಮಾರಬಹುದಾಗಿತ್ತು. ಶುಲ್ಕದಲ್ಲಿಯೂ ನ್ಯಾಯವಿತ್ತು: ಸಿರಿವಂತ ದೇಶದವನಿಗೆ 2,50,000 ಡಾಲರು, ಬೆಳೆಯುತ್ತಿರುವ ದೇಶದವನಿಗೆ 25,000. ತಯಾರಕನು ಯಂತ್ರವನ್ನು ಉತ್ತಮಗೊಳಿಸಿದರೆ ಮಾರಾಟ ಆರಂಭವಾದಂದಿನಿಂದ ಒಂದು ವರ್ಷ ಆ ಸುಧಾರಣೆಯ ಲಾಭ ಅವನಿಗೆ; ಅನಂತರ ಅದನ್ನು ಟ್ರಸ್ಟಿಗೆ ಒಪ್ಪಿಸಬೇಕಾಗಿತ್ತು. ವ್ಯಾಪಾರಿಯ ಲಾಭ ಲೋಕದ ಹಿತ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದ ಕರಾರು ಅದು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಪೇಟೆಗೆ ಬಂದಿತು. ಕರ್ನಾಟಕ ಸರ್ಕಾರ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯ ಕೆಲಸದಲ್ಲಿಯೂ ಸಿಂಪ್ಯೂಟರುಗಳನ್ನು ಉಪಯೋಗಿಸಲಾಯಿತು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳ ಆ ಯೋಜನೆಯಿಂದಲೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ರೈತರು ಮೊದಲ ಬಾರಿಗೆ 15 ರೂಪಾಯಿ ಕೊಟ್ಟು ಗಣಕದಿಂದ ಬಂದ ಪಹಣಿಯನ್ನು ಕೈಯಲ್ಲಿ ಹಿಡಿದರು. ಆದರೆ ಸಿಂಪ್ಯೂಟರಿನ ಆಯುಷ್ಯ ದೀರ್ಘವಾಗಲಿಲ್ಲ. ಸಾವಿರಾರು ಮಾತ್ರ ಮಾರಾಟವಾದವು. ಹತ್ತು ಸಾವಿರ ರೂಪಾಯಿಯ ಹತ್ತಿರದ ಬೆಲೆ ಹಳ್ಳಿಗನಿಗೆ ಭಾರವಾಯಿತು. ಅಷ್ಟರಲ್ಲಿ ಅಗ್ಗದ ಮೊಬೈಲು ಊರೂರಿಗೆ ನುಗ್ಗಿತು. ಸೋತುದು ವ್ಯಾಪಾರ, ಕರಾರಿನ ಹಿಂದಿನ ತತ್ತ್ವವಲ್ಲ.

ಆ ತತ್ತ್ವಕ್ಕೆ ದೊಡ್ಡ ದೊಡ್ಡ ಕಂಪನಿಗಳೂ ಒಂದೊಂದಾಗಿ ಮಣಿದವು. 2007ರಲ್ಲಿ ಎ.ಎಂ.ಡಿ. ಸಂಸ್ಥೆ ತನ್ನ ಚಿತ್ರಫಲಕಗಳ ವಿವರಗಳನ್ನು ಹೊರಗೆಡಹಲು ತೊಡಗಿತು. 2010ರಲ್ಲಿ ಬ್ರಾಡ್‌ಕಾಮ್ ತನ್ನ ನಿಸ್ತಂತು ಸಾಧನಗಳ ಡ್ರೈವರನ್ನು ಲೈನಕ್ಸಿಗೆ ಅರ್ಪಿಸಿತು. ಬಹುಕಾಲ ಹಟಹಿಡಿದಿದ್ದ ಎನ್‌ವಿಡಿಯಾ ಕೂಡ 2022ರ ಮೇ ತಿಂಗಳಲ್ಲಿ ತನ್ನ ಡ್ರೈವರಿನ ಒಂದು ಭಾಗವನ್ನು ಬಯಲಿಗೆ ತಂದಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನಂಥ ಸಂಸ್ಥೆಗಳ ಇಂಜಿನಿಯರುಗಳು ಬೆಂಗಳೂರಿನಲ್ಲಿಯೇ ಕುಳಿತು ಇಂಥ ಡ್ರೈವರುಗಳನ್ನು ಬರೆದು ಲೈನಕ್ಸಿನ ಭಂಡಾರಕ್ಕೆ ಸೇರಿಸುತ್ತಿದ್ದಾರೆ.

ಹೀಗೆ ಕೊಡುವುದರಿಂದ ತಯಾರಕನಿಗೇನು ಲಾಭವೆಂದು ಕೇಳಬಹುದು. ಲೈನಕ್ಸಿನ ಒಳಗಿನ ಕಟ್ಟಡ ಪದೇ ಪದೇ ಬದಲಾಗುತ್ತಿರುತ್ತದೆ. ಡ್ರೈವರು ಭಂಡಾರದೊಳಗೇ ಇದ್ದರೆ, ಕಟ್ಟಡವನ್ನು ಬದಲಿಸುವವರೇ ಅದನ್ನೂ ಹೊಂದಿಸಿಕೊಡುತ್ತಾರೆ. ಹೊರಗಿಟ್ಟುಕೊಂಡವನು ಪ್ರತಿ ಸಲವೂ ತಾನೇ ಹೆಣಗಬೇಕು. ಗುಟ್ಟಾಗಿಟ್ಟ ಸಾಧನಗಳ ಭಾಷೆಯನ್ನು ಎಷ್ಟೋ ಜನ ಸ್ವಯಂಸೇವಕರು ಪ್ರಿನ್ಸೆಪ್ ಸಾಹೇಬರಂತೆಯೇ ಸಂಜ್ಞೆ ಸಂಜ್ಞೆಯನ್ನೂ ಕೂಡಿಸಿ ಊಹಿಸಿದ್ದುಂಟು. ಆದರೆ ಅಶೋಕನ ಕಾಲದವರನ್ನು ಕೇಳಲು ಪ್ರಿನ್ಸೆಪ್ಪರಿಗೆ ಸಾಧ್ಯವಿರಲಿಲ್ಲ. ಇಲ್ಲಿ ಬರೆದವನು ಬದುಕಿರುವಾಗಲೇ ಓದುವವನು ತಡಕಾಡಬೇಕಾದುದು ವಿಪರ್ಯಾಸ.

ಗ್ರಾಹಕನ ಲಾಭ ಇನ್ನೂ ದೊಡ್ಡದು. ತಯಾರಕನು ಒಂದು ಸಾಧನವನ್ನು ಮರೆಯುವುದು ಅದರಿಂದ ವರಮಾನ ನಿಂತಾಗ. ನಮ್ಮಂಥ ಊರುಗಳಲ್ಲಿ ಸಾಧನವನ್ನು ಕೊಳ್ಳುವುದೇ ತಡ. ಕೊಂಡ ಮೇಲೆ ಹತ್ತು ವರ್ಷ ನಡೆಸುವ ರೂಢಿ. ಡ್ರೈವರು ಲೋಕದ ಸೊತ್ತಾಗಿದ್ದರೆ, ತಯಾರಕನು ಕೈಬಿಟ್ಟ ಮೇಲೂ ಬಲ್ಲವರು ಅದನ್ನು ದುರಸ್ತಿಮಾಡಬಹುದು. ಕನ್ನಡಕ್ಕೆ ಬೇಕಾದ ಏರ್ಪಾಟನ್ನು ಯಾರ ಅಪ್ಪಣೆಗೂ ಕಾಯದೆ ಮಾಡಬಹುದು. ಆದುದರಿಂದ ಶಾಲೆಗಾಗಲಿ ಪಂಚಾಯಿತಿಗಾಗಲಿ ಯಂತ್ರ ಕೊಳ್ಳುವವರು ಬೆಲೆಯನ್ನು ಕೇಳುವುದರ ಜೊತೆಗೆ, ಅದರ ಡ್ರೈವರು ಲೈನಕ್ಸಿನ ಭಂಡಾರದಲ್ಲಿ ಉಂಟೇ ಎಂದು ಒಂದು ಮಾತು ಕೇಳುವುದು ಒಳ್ಳೆಯದು. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಕೊಡತೊಡಗುತ್ತಾರೆ.