ಸಕ್ಕರೆ ಕಾಯಿಲೆಗೂ ಹೃದಯಕ್ಕೂ ನಂಟು ತಿಳಿದದ್ದು

ನಮ್ಮ ಕೊಯಿಲದಲ್ಲಿ ಯಾರನ್ನಾದರೂ ಆರೋಗ್ಯ ವಿಚಾರಿಸಿದರೆ “ಶುಗರ್ ಉಂಟು, ಹಾರ್ಟಿಗೆ ಏನೂ ಇಲ್ಲ” ಎನ್ನುವುದು ಈಗಲೂ ಕೇಳಿಬರುತ್ತದೆ. ಇದನ್ನು ಕೇಳಿ ನಗುವಂತಿಲ್ಲ. ವೈದ್ಯಲೋಕವೂ ಬಹುಕಾಲ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಿತ್ತು. ನಂಟು ಸ್ಪಷ್ಟವಾಗಿ ಹೆಚ್ಚುಕಡಿಮೆ ನಮ್ಮ ಶಾಲೆಗೆ ಆದಷ್ಟೇ ವರ್ಷಗಳಾದವು. ಈ ಶಾಲೆಯಲ್ಲಿ ಕಲಿತು, ಮುಂದೆ ಜೀವಶಾಸ್ತ್ರ ಕಲಿಸಿದವನಾದ್ದರಿಂದ ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಮರುವರ್ಷ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಅದನ್ನು ಚುಚ್ಚಲಾಯಿತು. ಸಾವಿನಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡ. ಮುಂದೆ ಸುಮಾರು ಅರುವತ್ತು ವರ್ಷ ದನ ಮತ್ತು ಹಂದಿಗಳ ಗ್ರಂಥಿಯೇ ಈ ಮದ್ದಿನ ಮೂಲವಾಗಿತ್ತು. (ಜಾನುವಾರು ಕ್ಷೇತ್ರದ ಪಕ್ಕದಲ್ಲೇ ಬೆಳೆದ ನಮಗೆ ಇದನ್ನು ಯಾರೂ ಹೇಳಿರಲಿಲ್ಲ.) ಮದ್ದು ಸಿಕ್ಕಿದ್ದರಿಂದ ರೋಗಿಗಳು ಹೆಚ್ಚು ಕಾಲ ಬದುಕಿದರು. ಹಾಗೆ ಬದುಕಿದವರಲ್ಲೇ ಹೃದಯದ ತೊಂದರೆ ಕಾಣತೊಡಗಿತು.

1972ರಲ್ಲಿ ರೂಬ್ಲರ್ ಮತ್ತು ಸಂಗಡಿಗರು ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವರದಿ ಪ್ರಕಟಿಸಿದರು. ಹೃದಯ ದೊಡ್ಡದಾಗಿ ಸೋತಿತ್ತು. ಆದರೆ ಅದಕ್ಕೆ ಕಾರಣವಾಗುವಷ್ಟು ಅಡಚಣೆ ರಕ್ತನಾಳಗಳಲ್ಲಿರಲಿಲ್ಲ. ಎರಡು ವರ್ಷದ ನಂತರ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಲೆಕ್ಕ ಹೊರಬಂತು. ಅಲ್ಲಿ 1948ರಿಂದ 5,209 ಮಂದಿಯ ಆರೋಗ್ಯವನ್ನು ಗಮನಿಸುತ್ತ ಬಂದಿದ್ದರು. ಸಕ್ಕರೆ ಕಾಯಿಲೆಯ ಗಂಡಸರಲ್ಲಿ ಹೃದಯ ಸೋಲುವುದು ಎರಡು ಪಟ್ಟಿಗಿಂತ ಹೆಚ್ಚು, ಹೆಂಗಸರಲ್ಲಿ ಐದು ಪಟ್ಟು.

ಐದು ಪಟ್ಟು ಎಂದು ಓದಿದಾಗ ನನಗೆ ನೆನಪಾದದ್ದು ಅಮ್ಮ. ತೋಟದಿಂದ ಗುಡ್ಡೆ ಹತ್ತುವಾಗ ಅವರಿಗೆ ಏದುಸಿರು, ಸಂಜೆಗೆ ಪಾದ ಬಾವು. “ಪ್ರಾಯ ಆಯಿತಲ್ಲ ಮಗಾ” ಎನ್ನುತ್ತಿದ್ದರು. ಸಕ್ಕರೆಗೆ ಗುಳಿಗೆ ತಪ್ಪಿಸಿದವರಲ್ಲ. ಎದೆನೋವು ಒಮ್ಮೆಯೂ ಬಂದದ್ದಿಲ್ಲ. ಸೋತದ್ದು ಹೃದಯವೆಂದು ಗೊತ್ತಾಗುವಾಗ ತಡವಾಗಿತ್ತು.

ಏಕೆ ಹೀಗೆ? ಹೃದಯ ಬಿಡುವಿಲ್ಲದೆ ದುಡಿಯುವ ಸ್ನಾಯು. ಅದರ ಉರುವಲಿನಲ್ಲಿ ಹೆಚ್ಚಿನ ಪಾಲು ಕೊಬ್ಬು, ಉಳಿದದ್ದರಲ್ಲಿ ಮುಖ್ಯವಾದದ್ದು ಗ್ಲೂಕೋಸ್; ಹೊತ್ತಿಗೆ ತಕ್ಕಂತೆ ಅದು ಇವನ್ನು ಬದಲಿಸಿಕೊಳ್ಳುತ್ತದೆ. ಊಟವಾದ ಮೇಲೆ ಇನ್ಸುಲಿನ್ ಜೀವಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿ ಸೂಚನೆ ಕೊಡುತ್ತದೆ. ಸೂಚನೆ ಒಂದರಿಂದ ಒಂದಕ್ಕೆ ದಾಟಿ ಒಳಗೆ ಹೋದಾಗ ಗ್ಲುಟ್-4 ಎಂಬ ಪ್ರೋಟೀನು ಮೇಲಕ್ಕೆ ಬಂದು ಗ್ಲೂಕೋಸನ್ನು ಒಳಗೆ ಬಿಡುತ್ತದೆ. ಈ ಸೂಚನೆ ಮಂಕಾದರೆ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಹೃದಯ ಅದನ್ನು ಸರಿಯಾಗಿ ಬಳಸಲಾರದು, ಕೊಬ್ಬನ್ನೇ ಉರಿಸುತ್ತದೆ. ಅಷ್ಟೇ ಶಕ್ತಿಗೆ ಕೊಬ್ಬು ಹೆಚ್ಚು ಆಮ್ಲಜನಕ ಬೇಡುತ್ತದೆ.

ಇನ್ನೊಂದು ತೊಡಕು ನನಗೆ ಹೆಚ್ಚು ಕುತೂಹಲದ್ದು. ಇನ್ಸುಲಿನ್ ಸೂಚನೆಗೆ ಕವಲುಗಳಿವೆ. ಗ್ಲೂಕೋಸ್ ಒಳಬಿಡುವ, ರಕ್ತನಾಳ ಸಡಿಲಿಸುವ ಕವಲು ಮಂಕಾದರೂ ಬೆಳವಣಿಗೆಯ ಕವಲು ಚುರುಕಾಗಿಯೇ ಇರಬಹುದು. ದೇಹ ಇನ್ಸುಲಿನ್ ಹೆಚ್ಚಿಸಿದಷ್ಟೂ ಹೃದಯದ ಗೋಡೆ ದಪ್ಪವಾಗುವ ಸಂಭವ ಉಂಟು. 2002ರಲ್ಲಿ ಹೃದಯದ ಕೋಶಗಳಿಂದ ಗ್ರಾಹಕವನ್ನೇ ತೆಗೆದ ಇಲಿಗಳನ್ನು ನೋಡಿದಾಗ ಅವುಗಳ ಹೃದಯ ಚಿಕ್ಕದಾಗಿತ್ತು. ಇನ್ಸುಲಿನ್ ಬರೇ ಸಕ್ಕರೆಯ ಲೆಕ್ಕಿಗ ಅಲ್ಲವೆಂಬುದಕ್ಕೆ ನಾನು ಮಕ್ಕಳಿಗೆ ಕೊಡುತ್ತಿದ್ದ ಉದಾಹರಣೆ ಇದೇ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಒಂದು ಗುಳಿಗೆ ಮಧುಮೇಹಿಗಳ ಹೃದಯವನ್ನೂ ಕಾಪಾಡುವುದು 2015ರಲ್ಲಿ ಕಂಡುಬಂತು. 2019ರಲ್ಲಿ ಅದೇ ಜಾತಿಯ ಇನ್ನೊಂದು ಗುಳಿಗೆಯನ್ನು ಹೃದಯ ಸೋತ 4,744 ಮಂದಿಯಲ್ಲಿ ಪರೀಕ್ಷಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಅವರಿಗೂ ಗುಣ ಕಂಡಿತು.