ಎಲ್ಲಿದ್ದೀಯಪ್ಪ: ಒಂದು ಮೀಮ್‌ನ ತಾರೀಖು

ಕಳೆದ ತಿಂಗಳು ಎಂ.ಎ. ವಿದ್ಯಾರ್ಥಿಗಳಿಗೆ ‘ನಿಖಿಲ್ ಎಲ್ಲಿದ್ದೀಯಪ್ಪ’ ವಿಡಿಯೊ ತೋರಿಸಿದೆ. ಎಲ್ಲರೂ ನಕ್ಕರು. ಇದು ಯಾವಾಗಿನದು ಎಂದು ಕೇಳಿದರೆ, 2019ರ ಮಂಡ್ಯ ಚುನಾವಣೆಯ ಪ್ರಚಾರ ಸಭೆ ಎಂದರು.

ಅಲ್ಲ, ಅದು 2016ರದು. ‘ಜಾಗ್ವಾರ್’ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕೂಗುತ್ತಾರೆ. ಚಿತ್ರದ ನಾಯಕನಾದ ಮಗ ಜನರ ನಡುವಿನಿಂದ ಓಗೊಡುತ್ತಾರೆ. ಸಿನಿಮಾ ಸಮಾರಂಭಕ್ಕೆ ಒಪ್ಪುವ ನಾಟಕೀಯತೆ, ಅಷ್ಟೇ.

2019ರ ಹೊತ್ತಿಗೆ ತಂದೆ ಮುಖ್ಯಮಂತ್ರಿ, ಮಗ ಮಂಡ್ಯದ ಅಭ್ಯರ್ಥಿ. ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್. ಹಳೆಯ ತುಣುಕನ್ನು ಯಾರೋ ಹೊರತೆಗೆದರು. ಮಾತು ಅದೇ, ‘ಅಪ್ಪ’ ಎಂಬುದರ ಧ್ವನಿ ಮಾತ್ರ ಬದಲಾಯಿತು. ಹಳೆ ಮೈಸೂರಿನ ಕಡೆ ಮಗನಿಗೆ ‘ಬಾರಪ್ಪ’, ‘ಊಟ ಮಾಡಪ್ಪ’ ಎನ್ನುವುದು ಅಕ್ಕರೆ. ಆ ಅಕ್ಕರೆಯೇ ಈಗ ಕುಟುಂಬ ರಾಜಕಾರಣದ ಮೇಲಿನ ಕುಟುಕು. ಹೆಸರಿನ ಜಾಗ ಖಾಲಿ ಮಾಡಿ ಏನನ್ನಾದರೂ ಕೂರಿಸಬಹುದಿತ್ತು. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಸಾಂಬಾರಿಗೆ ಸೌಟು ಹಾಕಿ ‘ತರಕಾರಿ, ಎಲ್ಲಿದ್ದೀಯಪ್ಪ?’ ಎನ್ನುತ್ತಿದ್ದೆವು. ಆ ಮಾತನ್ನೇ ಸಿನಿಮಾದ ಹೆಸರಾಗಿಸಲು ಫಿಲ್ಮ್ ಚೇಂಬರ್‌ಗೆ ಅರ್ಜಿಗಳೂ ಹೋದವು.

ಸುಮಲತಾ ಸುಮಾರು 1.25 ಲಕ್ಷ ಮತಗಳಿಂದ ಗೆದ್ದರು. ಮೀಮ್ ಗೆಲ್ಲಿಸಿತು ಎಂದು ನಾನು ಬರೆಯಲಾರೆ; ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ, ಮಂಡ್ಯದಲ್ಲಿ ಆ ನೆನಪಿನ ತೂಕವೇ ಬೇರೆ.

ನನ್ನ ಚಿಂತೆ ಆಕರಗಳದು. ಆ ಬೇಸಿಗೆಯಲ್ಲಿ ಹಳ್ಳಿಯ ಹುಡುಗರು ಹೊಲ, ಬಸ್ಸು, ಸಲೂನುಗಳಲ್ಲಿ ನಿಂತು ಈ ಮಾತಿಗೆ ತುಟಿ ಆಡಿಸಿದ ಟಿಕ್‌ಟಾಕ್‌ಗಳ ಕೊಂಡಿಗಳನ್ನು ಪಟ್ಟಿ ಮಾಡಿಟ್ಟಿದ್ದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕೂ ಒಂದು. ನನ್ನ ಪಟ್ಟಿಯಲ್ಲಿ ಈಗ ಒಂದೂ ತೆರೆಯುವುದಿಲ್ಲ. ಉಳಿದಿರುವುದು ವಾಟ್ಸ್ಆ್ಯಪಿನಲ್ಲಿ ಕೈಯಿಂದ ಕೈಗೆ ಸಾಗಿ ಮಸುಕಾದ ತುಣುಕುಗಳು: ಮಾಡಿದವರ ಹೆಸರಿಲ್ಲ, ಊರಿಲ್ಲ, ದಿನಾಂಕವಿಲ್ಲ. ದಾನಶಾಸನ ಬರೆಸಿದವರು ಶಕವರ್ಷ, ಮಾಸ, ತಿಥಿಯನ್ನಾದರೂ ಹಾಕಿಸುತ್ತಿದ್ದರು. ಇದನ್ನು ಹೇಳಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು, ‘ಇದಕ್ಕೂ ತಾರೀಖು ಬೇಕೇನಮ್ಮ?’ ಎಂದು ನಕ್ಕಿದ್ದರು.

ಅಂದು ತರಗತಿ ಮುಗಿಯುವಾಗ ಒಬ್ಬ ಹುಡುಗ ನೋಟ್‌ಬುಕ್ ತೆರೆದು ಕೇಳಿದ: ‘ಮೇಡಂ, 2016 ಅಂತ ಬರೆಯಲಾ, 2019 ಅಂತಲಾ?’

ಎರಡನ್ನೂ ಬರೆದುಕೋ ಎಂದೆ.